ಸಹಾಯ ಬೇಕು: ರಾಯಟೇಯ ದ್ವೀಪದ ಹಕ್ಕಿಗಾಗಿ ಲ್ಯಾಟಿನ್ ಓದಬಲ್ಲವರು

ಎಲ್ಲರಿಗೂ ನಮಸ್ಕಾರ. ಕಣ್ಮರೆಯಾದ ದ್ವೀಪದ ಹಕ್ಕಿಗಳ ಬಗ್ಗೆ ಮಕ್ಕಳಿಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಒಂದು ಅಧ್ಯಾಯ ಅರ್ಧಕ್ಕೇ ನಿಂತಿದೆ.

1774ರಲ್ಲಿ ಕ್ಯಾಪ್ಟನ್ ಕುಕ್ ಅವರ ಹಡಗು ಪೆಸಿಫಿಕ್ ಸಾಗರದ ತಾಹಿತಿ ಹತ್ತಿರದ ರಾಯಟೇಯ ದ್ವೀಪಕ್ಕೆ ಹೋಗಿತ್ತು. ಹಡಗಿನಲ್ಲಿದ್ದ ನಿಸರ್ಗವಿಜ್ಞಾನಿ ಯೋಹಾನ್ ರೈನ್‌ಹೋಲ್ಡ್ ಫಾರ್‌ಸ್ಟರ್ ಅಲ್ಲಿ ಕಂದು ಬಣ್ಣದ ಒಂದು ಹಕ್ಕಿಯನ್ನು ಸಂಗ್ರಹಿಸಿದರು. ಮಗ ಗೇಯೋರ್ಗ್ ಅದರ ಚಿತ್ರ ಬರೆದ. ಅವನಿಗಾಗ ಇನ್ನೂ ಇಪ್ಪತ್ತೂ ತುಂಬಿರಲಿಲ್ಲ! ಆ ಹಕ್ಕಿಯ ಚರ್ಮ ಇಂಗ್ಲಿಷ್ ನಿಸರ್ಗವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅವರ ಸಂಗ್ರಹ ಸೇರಿತು, ಆಮೇಲೆ ಎಲ್ಲೋ ಕಳೆದುಹೋಯಿತು. ಹಕ್ಕಿಯೂ ಈಗ ಇಲ್ಲ. ಉಳಿದಿರುವುದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿರುವ ಆ ಚಿತ್ರ, ಪಕ್ಷಿತಜ್ಞ ಜಾನ್ ಲೇಥಮ್ ಬರೆದ ಕೆಲವು ಸಾಲು, ಮತ್ತು ಫಾರ್‌ಸ್ಟರ್ ಅವರ ಲ್ಯಾಟಿನ್ ಟಿಪ್ಪಣಿ. ಡಿಎನ್ಎ ಪರೀಕ್ಷೆಗೆ ಒಂದು ಗರಿಯೂ ಸಿಕ್ಕಿಲ್ಲ. ಹಾಗಾಗಿ ಅದು ಥ್ರಷ್ ಎಂಬ ಹಾಡುಹಕ್ಕಿಯ ಜಾತಿಯದೋ, ಗೊರವಂಕದ ನೆಂಟನೋ ಅನ್ನುವ ಚರ್ಚೆ ಮುಗಿದಿಲ್ಲ.

ಫಾರ್‌ಸ್ಟರ್ ತೀರಿಕೊಂಡಿದ್ದು 1798ರಲ್ಲಿ. ಟಿಪ್ಪಣಿ ಅಚ್ಚಾಗಿದ್ದು 1844ರಲ್ಲಿ! ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದವರ ಮಾತು ಅಷ್ಟು ವರ್ಷ ಸುಮ್ನೆ ಬಿದ್ದಿತ್ತು ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಆ ಟಿಪ್ಪಣಿಯಲ್ಲಿರುವುದನ್ನು ಇಂಗ್ಲಿಷ್ ಸಾರಾಂಶದಿಂದ ಬರೆಯಲು ಮನಸ್ಸಿಲ್ಲ. ಸೆಮಿನರಿಯಲ್ಲಿ (ಪಾದ್ರಿಗಳ ತರಬೇತಿ ಶಾಲೆಯಲ್ಲಿ) ಲ್ಯಾಟಿನ್ ಕಲಿತವರು ಮಂಗಳೂರು ಕಡೆ ಜಾಸ್ತಿ ಇದ್ದಾರೆ. ನಿಮಗೆ ಯಾರಾದರೂ ಪರಿಚಯವೇ? ಮೂಲದ ಅರ್ಥ ನೇರವಾಗಿ ಕನ್ನಡದಲ್ಲಿ ಹೇಳಿದರೆ ಸಾಕು. ಪುಸ್ತಕದಲ್ಲಿ ಅವರ ಹೆಸರು ಖಂಡಿತ ಹಾಕುತ್ತೇನೆ.

ಇನ್ನೊಂದು ವಿಷಯ. ಲಂಡನ್ನಿನಲ್ಲಿರುವ ಕನ್ನಡಿಗರೇ, ಆ ಮ್ಯೂಸಿಯಂನ ಗ್ರಂಥಾಲಯದಿಂದ ಚಿತ್ರ ಮುದ್ರಿಸಲು ಅನುಮತಿ ಪಡೆದ ಅನುಭವ ಇದ್ದರೆ ದಯವಿಟ್ಟು ಇಲ್ಲೇ ತಿಳಿಸಿ. ಲ್ಯಾಟಿನ್ ಪುಟದ ಫೋಟೊ ನನ್ನ ಹತ್ತಿರ ಇದೆ, ಕೇಳಿದವರಿಗೆ ಕಳಿಸುತ್ತೇನೆ.