ಅಪ್‌ಡೇಟ್: ಅವ್ವನ ಎದಿ ಸ್ಕ್ಯಾನಿಂಗ್ ಆತು

ಹೋದ ವಾರ ಕೇಳಿದ್ದೆ: ಅವ್ವಗ ವೈರಲ್ ಜ್ವರ, ಕೆಮ್ಮು, ದಮ್ಮು. ಎಕ್ಸ್‌ರೇದಾಗ ಏನೂ ಕಾಣಲಿಲ್ಲ, ಆದ್ರೂ ಡಾಕ್ಟ್ರು ಎದಿ ಸ್ಕ್ಯಾನಿಂಗ್ ಅಂತಾರ, ಮಾಡಸ್ಬೇಕೋ ಬ್ಯಾಡೋ? ಉತ್ತರ ಕೊಟ್ಟವರಿಗೆಲ್ಲ ಶರಣು. ಬಾಗಲಕೋಟೆಯಾಗೇ ಮಾಡಿಸಿದ್ವಿ.

ಹೊಟ್ಟಿ ಸ್ಕ್ಯಾನಿಂಗ್ ಮಾಡೋ ಅಲ್ಟ್ರಾಸೌಂಡ್ ಮಷೀನೇ. ತಣ್ಣನ ಜೆಲ್ ತಾಗಿದ ಕೂಡಲೇ ಅವ್ವ ಸೆರಗು ಎಳ್ಕೊಂಡ್ಲು. ನರ್ಸಕ್ಕ ಕೈ ಹಿಡ್ಕೊಂಡು ನಿಂತ್ರು. ಎದಿ, ಬಗಲು, ಬೆನ್ನು ಸೇರಿ 12 ಜಾಗ ನೋಡಿದ್ರು. ಡಾಕ್ಟ್ರು ಪರದೆ ನನ್ನ ಕಡೆ ತಿರುಗಿಸಿದ್ರು. ಗಾಳಿ ತುಂಬಿದ ಶ್ವಾಸಕೋಶದಾಗ ಅಡ್ಡಗೆರಿ, ಅವು ಎ-ಲೈನ್. ಬಾವು ಬಂದು ನೀರಿನಂಶ ಕೂಡಿದಲ್ಲಿ ಮ್ಯಾಲಿಂದ ತಳದ ತನಕ ಬಿಳಿ ಉದ್ದಗೆರಿ, ಅವು ಬಿ-ಲೈನ್. ಪಕ್ಕೆಲುಬಿನ ಒಂದು ಸಂದಿಯಾಗ 3 ಅಥವಾ ಹೆಚ್ಚಿದ್ರ ಲೆಕ್ಕಕ್ಕ ಹಿಡೀತಾರ. ಅವ್ವಗ ಬೆನ್ನಿನ ಕೆಳಗ ಎರಡೂ ಕಡೆ ಇದ್ದವು, ಉಸಿರಿನ ಜೋಡಿ ಓಲಾಡ್ತಿದ್ವು.

ಯಾವ ವೈರಸ್ ಅಂತ ಇದರಾಗ ತಿಳಿಯಂಗಿಲ್ಲ. ಆಳದಾಗಿನ ಬಾವೂ ಸಿಗಂಗಿಲ್ಲ. ಹೃದಯದ ತೊಂದ್ರೆಯಿಂದ ನೀರು ತುಂಬಿದ್ರೂ ಬಿ-ಲೈನ್ ಬರ್ತಾವ; ಅದಕ್ಕ ಎಕೋನೂ ಮಾಡಿದ್ರು, ಹೃದಯ ಚಲೋ ಐತಿ. ವಿಕಿರಣ ಇಲ್ಲದ್ದಕ್ಕ 3 ದಿನ ಬಿಟ್ಟು ಮತ್ತ ನೋಡಿದ್ರು, ಗೆರಿ ಕಡಿಮಿ ಆಗ್ಯಾವ. ಆಕ್ಸಿಜನ್ ತೆಗೆದಾರ. ಇವತ್ತ ಮುಂಜಾನೆ ಅರ್ಧ ರೊಟ್ಟಿ ತಿಂದಾಳ.