ಹತ್ತು ನಿಮಿಷದಲ್ಲಿ ನೋಡಿದ್ದು ಸಿನಿಮಾನಾ?

ಭಾವ: [ವಿಡಿಯೊ] 12 ಆಂಗ್ರಿ ಮೆನ್, ಪೂರ್ತಿ ಕಥೆ 10 ನಿಮಿಷದಲ್ಲಿ

ಭಾವ: ಹೋದ ವಾರದಿಂದ ಈ ಗುಂಪಿನಲ್ಲಿ ನೀವೆಲ್ಲ ಹೊಗಳುತ್ತಾ ಇರುವ ಸಿನಿಮಾ ಇದೇ ಅಲ್ವಾ? ಇವತ್ತು ಮುಗಿಸಿದೆ. ಒಂದು ರೂಮು, ಹನ್ನೆರಡು ಜನ, ಬರೀ ಮಾತು. ಇದಕ್ಕೆ ಒಂದೂವರೆ ಗಂಟೆ ಯಾಕೆ ಬೇಕು? ನನ್ನ ಲೆಕ್ಕದಲ್ಲಿ ಐದಕ್ಕೆ ಎರಡೂವರೆ.

ಪುಟ್ಟಿ: ಭಾವ, ಆ ವಿಡಿಯೊದ ಮೇಲಿನ ಚಿತ್ರದಲ್ಲೇ ಕೊನೆ ಏನಾಗುತ್ತದೆ ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ!! ನಾನು ಇನ್ನೂ ಅರ್ಧ ನೋಡಿದ್ದೆ ಅಷ್ಟೇ. ದಯವಿಟ್ಟು ಡಿಲೀಟ್ ಮಾಡಿ.

ಭಾವ: 1957ರ ಸಿನಿಮಾ ಪುಟ್ಟಿ. ಇಷ್ಟು ವರ್ಷ ಆದ ಮೇಲೂ ಕೊನೆ ಹೇಳಬಾರದಾ?

ನಾನು: ಸಿನಿಮಾ ಹಳೆಯದಿರಬಹುದು ಭಾವ, ನೋಡುವ ಪುಟ್ಟಿಗೆ ಹೊಸದು. ಅದಿರಲಿ, ನನ್ನ ತಕರಾರು ಬೇರೆ. ಮುಗಿಸಿದೆ ಅಂದ್ರಲ್ಲ, ಮುಗಿಸಿದ್ದು ಸಿನಿಮಾನಾ, ಈ ವಿಡಿಯೊನಾ?

ಭಾವ: ವಿಡಿಯೊ. ಎರಡರಲ್ಲೂ ಇರುವುದು ಅದೇ ಕಥೆ ತಾನೇ.

ನಾನು: ಹಾಗಾದರೆ ಆ ಎರಡೂವರೆ ಅಂಕ ವಿಡಿಯೊ ಮಾಡಿದವನಿಗೆ ಸೇರಬೇಕು. ಸಿನಿಮಾಗೆ ನೀವು ಇನ್ನೂ ಅಂಕ ಕೊಟ್ಟಿಲ್ಲ.

ಚಿಕ್ಕಪ್ಪ: ಅಯ್ಯೋ, ಇಷ್ಟಕ್ಕೆಲ್ಲ ಯಾಕಪ್ಪ ಜಗಳ. ಅವರವರ ಇಷ್ಟ.

ನಾನು: ಇಷ್ಟದ ಮಾತಾದರೆ ನಾನು ಸುಮ್ನೆ ಇರುತ್ತಿದ್ದೆ ಚಿಕ್ಕಪ್ಪ. ಭಾವ ಪೂರ್ತಿ ಕೂತು ನೋಡಿ ಬೋರು ಅಂದಿದ್ದರೆ ಒಂದು ಮಾತೂ ಆಡುತ್ತಿರಲಿಲ್ಲ. ನೋಡದೆ ಬೋರು ಅನ್ನುವುದು ನನಗೆ ಸಹಿಸಲು ಆಗುವುದಿಲ್ಲ, ಅದೂ ಈ ಸಿನಿಮಾನ. ಇಡೀ ಕಥೆ ಇರುವುದೇ ಅದರ ಬಗ್ಗೆ. ಒಬ್ಬ ಹುಡುಗನ ಮೇಲೆ ಅಪ್ಪನನ್ನು ಕೊಂದ ಆರೋಪ ಇದೆ, ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳಲು ಕೋರ್ಟು ಕೂರಿಸಿದ ಹನ್ನೆರಡು ಸಾಮಾನ್ಯ ಜನರಲ್ಲಿ, ಹನ್ನೊಂದು ಜನ ಐದು ನಿಮಿಷದಲ್ಲಿ ಕೈಯೆತ್ತಿ ತಪ್ಪಿತಸ್ಥ ಅನ್ನುತ್ತಾರೆ, ಒಬ್ಬ ಮಾತ್ರ ಸ್ವಲ್ಪ ಕೂತು ಮಾತಾಡೋಣ ಅನ್ನುತ್ತಾನೆ. ಆ ಹನ್ನೊಂದು ಜನರಲ್ಲಿ ಒಬ್ಬನಿಗೆ ಬೇಸ್‌ಬಾಲ್ ಆಟಕ್ಕೆ ಹೊತ್ತಾಗಿದೆ, ಕೈಯಲ್ಲಿ ಟಿಕೆಟ್ ಇದೆ. ಇದಕ್ಕಿಂತ ಜಾಸ್ತಿ ಹೇಳಲ್ಲ, ಪುಟ್ಟಿ ನೋಡುತ್ತಿದ್ದಾಳೆ.

ಭಾವ: ನೀನು ಈಗ ಹೇಳಿದ್ದೇ ಆ ವಿಡಿಯೊದಲ್ಲೂ ಇದೆ. ನಾಲ್ಕು ಸಾಲಲ್ಲಿ ನೀನು ಹೇಳಿದರೆ ಸರಿ, ಹತ್ತು ನಿಮಿಷ ಅವನು ಹೇಳಿದರೆ ತಪ್ಪಾ? ಜೊತೆಗೆ ಮೂರು ಆಸ್ಕರ್‌ಗೆ ಹೆಸರು ಹೋಗಿ ಒಂದೂ ಬರಲಿಲ್ಲವಂತೆ. ಆಗಿನವರಿಗೂ ಅಷ್ಟೇನೂ ಹಿಡಿಸಿಲ್ಲ ಅಂತ ಆಯಿತು.

ನಾನು: ಆ ಮೂರನ್ನೂ ಅದೇ ವರ್ಷ ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್ ಹೊಡೆದುಕೊಂಡಿತು. ಅದೂ ಒಳ್ಳೆಯ ಸಿನಿಮಾನೇ. ಅದರಿಂದ ಇದು ಕೆಟ್ಟದ್ದು ಅಂತ ಹೇಗೆ ಆಗುತ್ತದೆ?

ನಾನು: ಇನ್ನು ವಿಡಿಯೊ ಮಾತು. ಅದನ್ನು ನಾನೂ ಈಗ ಪೂರ್ತಿ ನೋಡಿದೆ. ಯಾರು ಏನು ಹೇಳಿದ, ಯಾರು ಮನಸ್ಸು ಬದಲಿಸಿದ, ಎಲ್ಲ ಸರಿಯಾಗಿ ಹೇಳಿದ್ದಾನೆ, ಸುಳ್ಳು ಹೇಳಿಲ್ಲ. ಆದರೆ ಆ ರೂಮು ಅದರಲ್ಲಿ ಇಲ್ಲ ಭಾವ. ನಿರ್ದೇಶಕ ಸಿಡ್ನಿ ಲುಮೆಟ್‌ಗೆ ಇದು ಮೊದಲ ಸಿನಿಮಾ. ಶುರುವಿನಲ್ಲಿ ಕ್ಯಾಮೆರಾ ಜನರ ಕಣ್ಣಿಗಿಂತ ಮೇಲೆ ಇರುತ್ತದೆ, ವೈಡ್ ಲೆನ್ಸ್, ಹಾಗಾಗಿ ರೂಮು ದೊಡ್ಡದಾಗಿ ಕಾಣುತ್ತದೆ. ನಡುವಿಗೆ ಬರುವಷ್ಟರಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಕೊನೆಯ ಭಾಗದಲ್ಲಿ ಕಣ್ಣಿಗಿಂತ ಕೆಳಗೆ, ಲೆನ್ಸೂ ಉದ್ದದ್ದು, ಅಂದರೆ ದೂರದ್ದನ್ನು ಹತ್ತಿರ ತಂದು ತೋರಿಸುವಂಥದ್ದು. ಅಷ್ಟು ಹೊತ್ತಿಗೆ ತಲೆ ಮೇಲೆ ಛಾವಣಿ ಕಾಣಲು ಶುರುವಾಗಿರುತ್ತದೆ, ಗೋಡೆಗಳು ಹತ್ತಿರ ಬಂದ ಹಾಗೆ ಇರುತ್ತದೆ. ಗೋಡೆ ಎಲ್ಲೂ ಹೋಗಿಲ್ಲ, ಬಂದೂ ಇಲ್ಲ. ನಮಗೆ ಮಾತ್ರ ಉಸಿರು ಕಟ್ಟುತ್ತದೆ. ಇದನ್ನು ಲುಮೆಟ್ ಬೇಕಂತಲೇ ಮಾಡಿದ್ದು, ಆಮೇಲೆ ತಾನೇ ಬರೆದಿದ್ದಾರೆ. ನನಗೆ ನೋಡುವಾಗ ಇದ್ಯಾವುದೂ ಗೊತ್ತಿರಲಿಲ್ಲ, ಆದರೂ ಸೆಕೆ ಆಯಿತು. ಅದಕ್ಕೇ ಆ 96 ನಿಮಿಷ ಬೇಕು. ಹತ್ತು ನಿಮಿಷದಲ್ಲಿ ಗೋಡೆ ಹತ್ತಿರ ಬರಲು ಆಗುವುದಿಲ್ಲ.

ಅಕ್ಕ: ಇದು ನನಗೂ ಗೊತ್ತಿರಲಿಲ್ಲ. ಕೊನೆಯಲ್ಲಿ ಎಲ್ಲರ ಮುಖನೂ ಇಷ್ಟು ದೊಡ್ಡದಾಗಿ ಯಾಕೆ ತೋರಿಸುತ್ತಿದ್ದಾರೆ ಅಂದುಕೊಂಡಿದ್ದೆ.

ಭಾವ: ಸರಿ, ಕ್ಯಾಮೆರಾ ವಿದ್ಯೆ ಕಲಿಯುವವರು ನೋಡಲಿ. ನನ್ನಂಥವನಿಗೆ ಕಥೆ ಸಾಕು. ಇನ್ನೊಂದು ಕೇಳುತ್ತೇನೆ, ಈ ಮನೆಯಲ್ಲಿ ಎಲ್ಲರೂ ಹಾಡು ಬಂದರೆ ಓಡಿಸಿಕೊಂಡು ನೋಡುತ್ತೀರಿ. ಚಿಕ್ಕಪ್ಪ ಅಂತೂ ಎಲ್ಲವನ್ನೂ 1.5 ಸ್ಪೀಡಲ್ಲೇ ನೋಡುವುದು. ಅವರಿಗೆ ಯಾಕೆ ಯಾರೂ ಏನೂ ಅನ್ನಲ್ಲ?

ಚಿಕ್ಕಪ್ಪ: ನನ್ನನ್ನು ಯಾಕಪ್ಪ ಎಳೆಯುತ್ತೀಯ. ಆ ಆಪಿನಲ್ಲೇ ಕೊಟ್ಟಿದ್ದಾರೆ, ನಾನು ಬಳಸುತ್ತೇನೆ. ಮಾತೆಲ್ಲ ಅರ್ಥ ಆಗುತ್ತದೆ.

ನಾನು: ನ್ಯಾಯವಾದ ಪ್ರಶ್ನೆ ಭಾವ. ನೆಟ್‌ಫ್ಲಿಕ್ಸ್ 2019ರಲ್ಲಿ ಈ ಸ್ಪೀಡ್ ಬದಲಿಸುವ ಸೌಲಭ್ಯ ಪರೀಕ್ಷೆ ಮಾಡಿದಾಗ ಕೆಲವು ನಿರ್ದೇಶಕರು ಬಹಿರಂಗವಾಗಿ ಜಗಳಕ್ಕೇ ಇಳಿದಿದ್ದರು. ಮುಂದಿನ ವರ್ಷ ಹೇಗೂ ಬಂತು. ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಈ ಸಿನಿಮಾದ್ದೇ ಒಂದು ಸೀನ್ ಹೇಳುತ್ತೇನೆ. ಒಬ್ಬ ಮುದುಕ ಸಾಕ್ಷಿ ಇದ್ದಾನೆ, ಕಾಲು ಎಳೆದುಕೊಂಡು ನಡೆಯುವವನು. ಸದ್ದು ಕೇಳಿದ ಮೇಲೆ 15 ಸೆಕೆಂಡಿನಲ್ಲಿ ಬಾಗಿಲಿಗೆ ಬಂದು ಹುಡುಗ ಓಡಿಹೋಗುವುದನ್ನು ನೋಡಿದೆ ಅಂತ ಹೇಳಿರುತ್ತಾನೆ. ಜ್ಯೂರಿಯವನು ಎದ್ದು, ಅವನ ಹಾಗೇ ಕಾಲೆಳೆಯುತ್ತಾ ರೂಮಲ್ಲಿ ನಡೆದು ತೋರಿಸುತ್ತಾನೆ, ಇನ್ನೊಬ್ಬ ಗಡಿಯಾರ ಹಿಡಿದಿರುತ್ತಾನೆ. 41 ಸೆಕೆಂಡ್ ಬರುತ್ತದೆ. ಆ ನಡಿಗೆ ಎಷ್ಟು ನಿಧಾನ ಅಂತ ನಮ್ಮ ಮೈಗೆ ಗೊತ್ತಾಗಬೇಕು, ಬೇಗ ಮುಗಿಸಪ್ಪ ಅಂತ ನಮಗೇ ಅನ್ನಿಸಬೇಕು, ಆಗಲೇ ಮುದುಕನ ಮಾತಿನ ಮೇಲೆ ಅನುಮಾನ ಹುಟ್ಟುವುದು. 1.5ರಲ್ಲಿ ಆ ಕುಂಟು ನಡಿಗೆ ಚುರುಕಾಗಿಬಿಡುತ್ತದೆ. 41 ಅನ್ನುವುದು ಕಿವಿಗೆ ಬೀಳುತ್ತದೆ, ಆದರೆ ಕಣ್ಣಿಗೆ ಬೇರೆಯೇ ಕಾಣುತ್ತದೆ.

ಚಿಕ್ಕಪ್ಪ: ಹೌದಲ್ಲ. ಆ ಸೀನ್ ನನಗೆ ಅಂಥ ವಿಶೇಷ ಅನ್ನಿಸಿರಲೇ ಇಲ್ಲ.

ಅಕ್ಕ: ಆದರೆ ವಿವರಣೆ ವಿಡಿಯೊ ಎಲ್ಲ ಕೆಟ್ಟದ್ದು ಅಂತ ನಾನು ಒಪ್ಪಲ್ಲ. ದೆವ್ವದ ಸಿನಿಮಾ ನನ್ನ ಕೈಲಿ ನೋಡಲು ಆಗಲ್ಲ, ನಿದ್ದೆ ಬರಲ್ಲ. ಕಥೆ ಮಾತ್ರ ಕುತೂಹಲ. ಹಗಲು ಹೊತ್ತಲ್ಲಿ ವಿಡಿಯೊ ಹಾಕಿಕೊಂಡು ತಿಳಿದುಕೊಳ್ಳುತ್ತೇನೆ.

ನಾನು: ಅದು ಸರಿಯೇ ಅಕ್ಕ. ನೀನು ಅದಕ್ಕೆ ಅಂಕ ಕೊಡಲು ಬರಲ್ಲವಲ್ಲ.

ದೊಡ್ಡಮ್ಮ: ನಾನೊಂದು ಹೇಳಲಾ. ಈ ವಿಡಿಯೊಗಳು ನನಗೆ ಬೇಕು. ಸಿನಿಮಾದಲ್ಲಿ ಅವರು ಪಟಪಟ ಮಾತಾಡುತ್ತಾರೆ, ಕೆಳಗಿನ ಅಕ್ಷರ ಓದುವಷ್ಟರಲ್ಲಿ ಹೋಗಿರುತ್ತದೆ, ಓದುತ್ತಾ ಕೂತರೆ ಮುಖ ನೋಡಲು ಆಗಲ್ಲ. ಅದಕ್ಕೆ ಮೊದಲು ವಿಡಿಯೊದಲ್ಲಿ ಕಥೆ ತಿಳಿದುಕೊಂಡು ಆಮೇಲೆ ಸಿನಿಮಾ ಹಾಕುತ್ತೇನೆ. ಈ ಸಿನಿಮಾನೂ ಹಾಗೇ ನೋಡಿದೆ. ಅದರಲ್ಲಿ ಒಬ್ಬ ಬಾಯಿಗೆ ಬಂದ ಹಾಗೆ ಆ ಹುಡುಗನ ಕಡೆಯ ಜನರನ್ನೆಲ್ಲ ಬೈಯುತ್ತಾನೆ. ವಿಡಿಯೊದಲ್ಲಿ ‘ಇದರಿಂದ ಎಲ್ಲರಿಗೂ ಬೇಸರವಾಗುತ್ತದೆ’ ಅಂತ ಒಂದೇ ಮಾತು ಹೇಳಿ ಮುಂದೆ ಹೋದ. ಸಿನಿಮಾದಲ್ಲಿ ನೋಡಿದರೆ, ಅವನು ಬೈಯುತ್ತಾ ಇರುವಾಗ ಒಬ್ಬ ಎದ್ದು ಹೋಗಿ ಬೆನ್ನು ಹಾಕಿ ನಿಲ್ಲುತ್ತಾನೆ. ಆಮೇಲೆ ಇನ್ನೊಬ್ಬ. ಹಾಗೇ ಒಬ್ಬೊಬ್ಬರೇ. ಅವನ ದನಿ ಇಳಿಯುತ್ತಾ ಹೋಗುತ್ತದೆ, ಕೇಳಿ ಕೇಳಿ ಅಂತ ಬೇಡಿಕೊಳ್ಳುವ ಹಾಗೆ ಆಗುತ್ತದೆ. ಅಲ್ಲಿ ನನಗೆ ಅಕ್ಷರ ಓದುವುದೇ ಬೇಕಾಗಲಿಲ್ಲ.

ನಾನು: ದೊಡ್ಡಮ್ಮ, ನಾನು ಇಷ್ಟು ಹೊತ್ತು ಹೇಳಬೇಕು ಅಂತ ಒದ್ದಾಡುತ್ತಿದ್ದದ್ದು ಇದೇ. ಮೊದಲು ವಿಡಿಯೊ ನೋಡಿ ಆಮೇಲೆ ಸಿನಿಮಾ ನೋಡುವುದಕ್ಕೆ ನನ್ನದು ಯಾವ ವಿರೋಧವೂ ಇಲ್ಲ. ವಿಡಿಯೊ ನೋಡಿ ಅಲ್ಲಿಗೇ ಬಿಡುವುದು, ಬಿಟ್ಟು ತೀರ್ಪು ಕೊಡುವುದು, ಅದರ ಬಗ್ಗೆ ಮಾತ್ರ ನನ್ನ ಜಗಳ.

ಭಾವ: ಬೆನ್ನು ಹಾಕುವ ಸೀನ್ ವಿಡಿಯೊದಲ್ಲಿ ಇರಲೇ ಇಲ್ಲವಲ್ಲ.

ದೊಡ್ಡಮ್ಮ: ಇಲ್ಲ. ಅದಕ್ಕೇ ಹೇಳಿದ್ದು.

ಭಾವ: ಸರಿ, ವಿಡಿಯೊ ಡಿಲೀಟ್ ಮಾಡಿದೆ. ಪುಟ್ಟಿ, ಬೇಜಾರು ಮಾಡಿಕೊಳ್ಳಬೇಡ. ಆದರೆ ಒಂದು ಮಾತು, ನನಗೆ ಕೆಲಸ ಮುಗಿಯುವಾಗಲೇ ರಾತ್ರಿ ಆಗಿರುತ್ತದೆ. ಬಂದದ್ದನ್ನೆಲ್ಲ ಕೂತು ನೋಡಲು ಆಗಲ್ಲ. ಯಾವುದಕ್ಕೆ ಒಂದೂವರೆ ಗಂಟೆ ಕೊಡಬೇಕು ಅಂತ ನಾನು ಹೇಗೆ ತಿಳಿದುಕೊಳ್ಳುವುದು?

ನಾನು: ಅದಕ್ಕೇ ಈ ಗುಂಪು ಇರುವುದು ಭಾವ. ಸೂಪರ್, ವೇಸ್ಟು, ಐದಕ್ಕೆ ಇಷ್ಟು ಅಂತ ಬರೆದರೆ ನಿಮಗೆ ಏನೂ ಗೊತ್ತಾಗಲ್ಲ. ದೊಡ್ಡಮ್ಮ ಬರೆದ ಹಾಗೆ ಎಲ್ಲರೂ ಒಂದೊಂದು ಸೀನ್ ಬರೆಯೋಣ, ಕೊನೆ ಬಿಟ್ಟು. ಓದಿ ನೋಡಬೇಕು ಅನ್ನಿಸಿದರೆ ನೋಡಿ, ಇಲ್ಲದಿದ್ದರೆ ಬಿಡಿ.

ಭಾವ: ನೋಡಿದ ಮೇಲೂ ಎರಡೂವರೆಯೇ ಅಂದರೆ?

ನಾನು: ಧಾರಾಳವಾಗಿ ಅನ್ನಿ. ಎಲ್ಲಿ ಬೇಸರ ಬಂತು ಅಂತ ಸೀನ್ ಹೇಳಿ, ಅಲ್ಲಿಂದ ಮತ್ತೆ ಜಗಳ ಆಡೋಣ.

ಪುಟ್ಟಿ: ಮೊದಲು ನಾನು ಮುಗಿಸುತ್ತೇನೆ. ಅಲ್ಲಿಯವರೆಗೆ ಚಾಕುವಿನ ಬಗ್ಗೆ ಯಾರೂ ಮಾತಾಡಬೇಡಿ, ನಾನು ಸರಿಯಾಗಿ ಅಲ್ಲೇ ನಿಲ್ಲಿಸಿದ್ದೇನೆ.