ಸಹಾಯ ಬೇಕು: ಬಾಸ್ಕರ್‌ವಿಲ್ ಪಕ್ಕ ಯಾವ ಕನ್ನಡ ಫಾಂಟ್ ಕೂರುತ್ತೆ?

ಎಲ್ರಿಗೂ ನಮಸ್ಕಾರ, ತುಮಕೂರಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಕೊಂಡಿದೀನಿ, ಒಬ್ರು ರಿಟೈರ್ಡ್ ಮೇಷ್ಟ್ರು ತಮ್ಮ ನೆನಪುಗಳನ್ನ ಪುಸ್ತಕ ಮಾಡಿಸ್ತಿದಾರೆ, ಎಡಗಡೆ ಪುಟ ಕನ್ನಡ ಬಲಗಡೆ ಇಂಗ್ಲಿಷ್. ಟೈಮ್ಸ್ ನ್ಯೂ ರೋಮನ್ ಹಾಕಿ ತೋರಿಸಿದ್ರೆ "ಕೋರ್ಟ್ ನೋಟಿಸ್ ಥರ ಇದೆಯಲ್ಲಯ್ಯ" ಅಂದ್ಬಿಟ್ರು. ಸುಳ್ಳೇನಲ್ಲ, ಅದು 1932ರಲ್ಲಿ ಲಂಡನ್ನಿನ ಪೇಪರಿಗೆ ಅಂತ ಜಾಗ ಉಳಿಸೋ ಹಾಗೆ ಒತ್ತೊತ್ತಾಗಿ ಮಾಡಿದ್ದು. ಅವ್ರಿಗೆ ಬಾಸ್ಕರ್‌ವಿಲ್ಲೇ ಬೇಕಂತೆ. 1750ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ ಮಾಡಿದ ಫಾಂಟು, ಆತನೂ ಮೊದ್ಲು ಕೈಬರಹ ಕಲಿಸ್ತಿದ್ದ ಮೇಷ್ಟ್ರೇ, ಅದಕ್ಕೇ ಹಿಡಿಸ್ತೋ ಏನೋ!

ತಲೆನೋವು ಏನಂದ್ರೆ ಅದ್ರಲ್ಲಿ ದಪ್ಪ ಗೆರೆಗೂ ತೆಳು ಗೆರೆಗೂ ತುಂಬಾ ವ್ಯತ್ಯಾಸ. ಆ ಪುಣ್ಯಾತ್ಮ ನುಣುಪು ಕಾಗದ, ಕಡುಕಪ್ಪು ಇಂಕು ಎಲ್ಲಾ ತನಗೆ ಬೇಕಾದ ಹಾಗೆ ರೆಡಿ ಮಾಡ್ಕೊಂಡಿದ್ದ, ನಾನು ಹಾಕ್ತಿರೋದು ಮಾಮೂಲಿ ಮ್ಯಾಪ್‌ಲಿಥೋ ಕಾಗದ. 10 ಪಾಯಿಂಟಲ್ಲಿ ಪ್ರೂಫ್ ತೆಗೆದ್ರೆ ಸ್ಮಾಲ್ ಇ ಅಕ್ಷರದ ಅಡ್ಡಗೆರೆ ಅಲ್ಲಲ್ಲಿ ಮಾಯ, ಪಕ್ಕದ ಪುಟದಲ್ಲಿ ನುಡಿ ಫಾಂಟು ಕಪ್ಪಗೆ ಎದ್ದು ಕೂತಿದೆ. ಒತ್ತಕ್ಷರಕ್ಕೆ ಅಂತ ಕನ್ನಡಕ್ಕೆ ಲೈನ್ ಗ್ಯಾಪ್ ಜಾಸ್ತಿ ಕೊಟ್ರೆ ಎರಡೂ ಪುಟದ ಸಾಲು ಹೊಂದಲ್ಲ.

ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ ಎರಡೂ ಇಳಿಸ್ಕೊಂಡಿದೀನಿ. ಟೀರೋ ಲಕ್ಷಣವಾಗಿದೆ ಆದ್ರೆ ಬೋಲ್ಡ್ ಇಲ್ವಲ್ಲ, ಹೆಡಿಂಗಿಗೆ ಏನ್ ಮಾಡೋದು? ಲಿಬ್ರೆ ಬಾಸ್ಕರ್‌ವಿಲ್ ಅಂತ ಅದರದ್ದೇ ಇನ್ನೊಂದು ರೂಪ ಇದೆ, ಅದು ಸ್ಕ್ರೀನಿಗೆ ಅಂತ ಅಗಲವಾಗಿ ಮಾಡಿರೋದು, ಅದನ್ನ ಆಫ್‌ಸೆಟ್ಟಲ್ಲಿ ಹಾಕಿ ನೋಡಿರೋ ಅಣ್ಣ ಅಕ್ಕಂದಿರು ಯಾರಾದ್ರೂ ಇದ್ರೆ ಎಷ್ಟು ಪಾಯಿಂಟ್, ಎಷ್ಟು ಲೀಡಿಂಗ್ (ಲೈನ್ ಗ್ಯಾಪ್) ಹೇಳಿ, ಆಗೋದಾದ್ರೆ ಒಂದು ಪುಟದ ಫೋಟೋನೂ ಹಾಕಿ. ಸೋಮವಾರ ಪ್ರಿಂಟಿಂಗ್ ಪ್ಲೇಟಿಗೆ ಕಳಿಸ್ಬೇಕು.